ಪಾಲ್ಗೊಂಡವರು

ಸಂಖ್ಯೆ ಇನ್ನೂರ ಹದಿನೇಳು. ಹೆಸರು ಬರೆಯುವಂತಿಲ್ಲ.
ಬರೆಯದಿದ್ದರೂ ದಂಡೆಗೆಲ್ಲ ಗೊತ್ತು: ಮಗಾಕ್ ಒದೇರಾ,
ದೋಣಿಯ ಬಿರುಕಿಗೆ ಹತ್ತಿ ತುರುಕಿ ಡಾಂಬರು ಬಳಿಯುವವನು,
ಅರವತ್ತೊಂದು ವರ್ಷ, ಎಡಗಿವಿ ಮಂದ,
ರಕ್ತದೊತ್ತಡ ನೂರ ಎಂಬತ್ತೆರಡು.

ತಿಂಗಳಿಗೊಮ್ಮೆ ಹೋಗುತ್ತೇನೆ, ಬಾಡಿಗೆ ಬೈಕಿನ ಹಿಂದೆ ಕೂತು,
ತೊಡೆಯ ಮೇಲೆ ಅಳೆಯುವ ಯಂತ್ರ, ಕೂಸಿನ ಹಾಗೆ.
ವಿಕ್ಟೋರಿಯಾ ಸರೋವರದ ಉದ್ದಕ್ಕೂ
ಹಳೆಬಲೆಯ ಮೇಲೆ ಹರವಿದ ಒಮೆನಾ ಮೀನು, ಬೆರಳುದ್ದ,
ಬಿಸಿಲು ಬಿದ್ದಾಗ ನೆಲವೇ ಕಣ್ಣು ಬಿಟ್ಟಂತೆ.
ಉಪ್ಪು ಕಡಿಮೆ ಮಾಡಿ ಎನ್ನುತ್ತೇನೆ ಮನೆಮನೆಯಲ್ಲೂ.
ನಮ್ಮದು ಸಿಹಿನೀರು ಸಿಸ್ಟರ್, ಎಂದು ನಗುತ್ತಾರೆ.

ಗುಳಿಗೆ ಎರಡು ಬಗೆ. ಒಂದರಲ್ಲಿ ಮದ್ದು, ಒಂದರಲ್ಲಿ ಹಿಟ್ಟು.
ಬಣ್ಣ ಒಂದೇ, ನಡುವಿನ ಗೀಟು ಒಂದೇ,
ನಾಲಗೆಗೆ ಕಹಿಯೂ ಒಂದೇ.
ಯಾರಿಗೆ ಯಾವುದೆಂದು ಅವನಿಗೆ ಗೊತ್ತಿಲ್ಲ, ನನಗೆ ಗೊತ್ತಿಲ್ಲ,
ಕಿಸುಮುವಿನ ಡಾಕ್ಟರಿಗೂ ಗೊತ್ತಿಲ್ಲ.
ಗೊತ್ತಿರುವುದು ಎಲ್ಲೋ ದೂರದ ಕಂಪ್ಯೂಟರಿಗೆ,
ಅದಕ್ಕೆ ಇವರ್ಯಾರ ಮುಖವೂ ಗೊತ್ತಿಲ್ಲ.

ಮನೆಗೆ ಒಬ್ಬರೇ. ಅದು ನಿಯಮ.
ಒಂದೇ ಸೂರಿನಡಿ ಎರಡು ಡಬ್ಬಿ ಇದ್ದರೆ
ಅದಲುಬದಲಾದೀತು ಅಂತ.
ಮೊದಲ ದಿನ ಇಬ್ಬರನ್ನೂ ಅಳೆದಿದ್ದೆ.
ಹೆಂಡತಿ ದೊರ್ಸಿಲಾ, ಊರ ಬಾಯಲ್ಲಿ ನ್ಯಾರ್ ಅಲೆಗೊ,
ಅಲೆಗೊದ ಮಗಳು, ಬಂದು ನಲವತ್ತು ವರ್ಷವಾದರೂ.
ಅವಳದು ನೂರ ತೊಂಬತ್ತು.
ಚೀಟಿ ಎತ್ತಿದಾಗ ಬಂದದ್ದು ಅವನ ಹೆಸರು.
ಅವಳಿಗೆ ಸರ್ಕಾರಿ ಆಸ್ಪತ್ರೆಗೆ ಬರೆದುಕೊಟ್ಟೆ, ನಿಯಮದಂತೆ.
ಅಲ್ಲಿಯ ಕಪಾಟಿನಲ್ಲಿ ಮಾರ್ಚಿನಿಂದ ಇದ್ದದ್ದು
ಕಪಾಟು ಮಾತ್ರ.

ಐದು ತಿಂಗಳು ಲೆಕ್ಕ ಒಂದೂ ತಪ್ಪಲಿಲ್ಲ.
ಮೂವತ್ತು ಕೊಟ್ಟರೆ ಮೂವತ್ತೂ ಮುಗಿದಿರುತ್ತಿದ್ದವು.
ಇಂಥವರು ಹತ್ತು ಜನ ಸಾಕು ಎಂದರು ಕಚೇರಿಯಲ್ಲಿ.

ಇವತ್ತು ಒಂದು ದಿನ ಮುಂಚೆ ಹೋದೆ;
ಬೈಕಿನವನಿಗೆ ನಾಳೆ ಯಾರದೋ ಮಣ್ಣಿಗೆ ಹೋಗುವುದಿತ್ತು.
ಅಂಗಳದಲ್ಲಿ ಹಲಗೆ, ಹಲಗೆಯ ಮೇಲೆ ಒಂದು ಗುಳಿಗೆ,
ಮೀನು ಸೀಳುವ ಚಾಕು.
ಗೀಟಿನ ಮೇಲೆ ಅಲಗಿಟ್ಟು ಹೆಬ್ಬೆರಳಿಂದ ಒತ್ತಿದ.
ಟಿಕ್.
ದೊಡ್ಡ ತುಂಡು ಯಾವುದೆಂದು ಬಗ್ಗಿ ನೋಡಿದ,
ಅದನ್ನು ಅವಳ ಕಡೆ ಸರಿಸಿದ,
ಉದುರಿದ ಪುಡಿಯನ್ನು ಬೆರಳಿಗೊತ್ತಿಕೊಂಡು ತಾನೇ ನೆಕ್ಕಿದ.

ನನ್ನನ್ನು ಕಂಡು ಚಾಕು ಬಚ್ಚಿಡಲಿಲ್ಲ.
ಒಬ್ಬ ತಿನ್ನುವುದು, ಒಬ್ಬಳು ನೋಡುತ್ತ ಕೂರುವುದು,
ಅದು ಹೇಗಾಗುತ್ತದೆ ಸಿಸ್ಟರ್? ಅಂದ.
ದೊರ್ಸಿಲಾ ಒಳಗೆ ಹೋಗಿ ಚಹಾ ತಂದಳು.
ಸಕ್ಕರೆ ಕಡಿಮೆ ಹಾಕಿದ್ದೇನೆ, ನೀನು ಹೇಳಿದಂತೆ, ಅಂದಳು.
(ನಾನು ಹೇಳಿದ್ದು ಉಪ್ಪು.)

ಹೇಳಬೇಕಿತ್ತು: ಅದು ಬರಿಯ ಹಿಟ್ಟಿರಬಹುದು ಮಗಾಕ್,
ಇಷ್ಟು ದಿನ ನೀವು ಹಂಚಿಕೊಂಡದ್ದು ಏನೂ ಅಲ್ಲದ್ದನ್ನು.
ಹೇಳಬೇಕಿತ್ತು: ಮದ್ದೇ ಆಗಿದ್ದರೆ ಅರ್ಧರ್ಧ ಇಬ್ಬರಿಗೂ ಸಾಲದು,
ಹರಿದ ಬಲೆ ಇಬ್ಬರು ಹಿಡಿದರೂ ಹರಿದದ್ದೇ.
ಮೊದಲನೆಯದನ್ನು ಅವನು ಸಹಿ ಹಾಕಿದ ದಿನವೇ ಹೇಳಿದ್ದೆ.
ಎರಡನೆಯದನ್ನು ಈಗ ಹೇಳಿದೆ,
ಅವನ ಎಡಗಡೆ ಕೂತು.

ಪಟ್ಟಿ ಸುತ್ತಿದೆ. ನೂರ ಅರವತ್ತಾರು. ಬರೆದುಕೊಂಡೆ.
ದೊರ್ಸಿಲಾ ತೋಳು ಚಾಚಿದಳು, ಕೇಳದೆಯೇ.
ನೂರ ಎಪ್ಪತ್ತು. ಅದಕ್ಕೆ ಕಾಗದದಲ್ಲಿ ಜಾಗವಿಲ್ಲ.
ಅಂಗೈ ಮೇಲೆ ಬರೆದುಕೊಂಡೆ.

ಈಗ ರಾತ್ರಿ, ಲಾಡ್ಜು, ಮಂಕು ಬಲ್ಬು.
ನಿಯಮ ಉಲ್ಲಂಘನೆ: ಹೌದು. ಕಾರಣ:
ಕಾರಣಕ್ಕೆ ಬಿಟ್ಟದ್ದು ಒಂದೇ ಗೆರೆ, ಗೇಣುದ್ದವೂ ಇಲ್ಲ.
'ಮನೆಯವರೊಂದಿಗೆ ಹಂಚಿಕೆ' ಎಂದು ತುಂಬಿದೆ.
ನಾಳೆ ಇನ್ನೂರ ಹದಿನೇಳನ್ನು ಬೇರೆ ಪಟ್ಟಿಗೆ ಹಾಕುತ್ತಾರೆ,
ಹಾಕಲೇಬೇಕು; ಲೆಕ್ಕ ಕೆಟ್ಟರೆ
ನಾಳಿನ ಸಾವಿರ ಜನರ ಮದ್ದು ಕೆಡುತ್ತದೆ, ಬಲ್ಲೆ.

ಹಾಳೆಯ ತಲೆಯಲ್ಲಿ ಇನ್ನೊಂದು ಖಾನೆ:
ಈ ಮನೆಯಿಂದ ಪಾಲ್ಗೊಂಡವರು ಎಷ್ಟು?
ತಿಂಗಳು ತಿಂಗಳೂ ಯೋಚಿಸದೆ 'ಒಂದು' ಎಂದು ಬರೆದವಳು
ಪೆನ್ನು ಹಿಡಿದು ಕೂತಿದ್ದೇನೆ.
ಅಂಗೈ ಬೆವರಿ
ನೂರ ಎಪ್ಪತ್ತರ ಸೊನ್ನೆ ಹರಡುತ್ತಿದೆ.